ಫಿರಂಗಿ ಎಳೆದ ಮೈಕಟ್ಟು

ದನಗಳ ಜಾತ್ರೆಯಲ್ಲಿ ಹೋರಿ ಕೊಳ್ಳಲು ಬಂದ ಪಳಗಿದ ರೈತ ಬಾಯಿ ಬಿಡಿಸಿ ಹಲ್ಲು ನೋಡುತ್ತಾನೆ, ಸುಳಿ ಹುಡುಕುತ್ತಾನೆ. ಅಷ್ಟಕ್ಕೇ ಒಪ್ಪದೆ, ‘ಸ್ವಲ್ಪ ನಡೆಸಿ, ನೋಡೋಣ’ ಎಂದು ಹಿಂದೆ ಸರಿದು ನಿಲ್ಲುತ್ತಾನೆ. ಮುಂಗಾಲು ಎತ್ತಿದ ಜಾಗದಲ್ಲೇ ಹಿಂಗಾಲು ಬೀಳುತ್ತದೆಯೇ? ಹಿಂಗಾಲ ಗೆಣ್ಣುಗಳು ಒಂದಕ್ಕೊಂದು ಉಜ್ಜುತ್ತವೆಯೇ? ಹಳೇ ಮೈಸೂರು ಸೀಮೆಯಲ್ಲಿ ಈ ನೋಟವನ್ನು ಪಳಗಿಸಿದ್ದರಲ್ಲಿ ಹೊಲಗದ್ದೆಯ ಜೊತೆಗೆ ಯುದ್ಧಕ್ಕೂ ಪಾಲಿದೆ.

ಚಿಕ್ಕದೇವರಾಜ ಒಡೆಯರ ಕಾಲದ ‘ಬೆಣ್ಣೆ ಚಾವಡಿ’ ಎಂಬ ದನಗಳ ಇಲಾಖೆ ಅರಮನೆಗೆ ಹಾಲು, ಬೆಣ್ಣೆ ಒದಗಿಸುತ್ತಿತ್ತು. ಹೈದರಾಲಿಗೆ ಬೇಕಾದದ್ದು ಫಿರಂಗಿ ಎಳೆಯುವ ಎತ್ತು. ಚಿದಂಬರದ ರಕ್ಷಣೆಗೆ ಅವನ ಸೇನೆ ಎರಡೂವರೆ ದಿನದಲ್ಲಿ 100 ಮೈಲಿ ಸಾಗಿದ್ದು ಈ ಎತ್ತುಗಳಿಂದಲೇ ಎಂಬ ಮಾತು ಬ್ರಿಟಿಷರ ಬರಹಗಳಲ್ಲಿದೆ. ಟಿಪ್ಪು ಈ ಇಲಾಖೆಗೆ ‘ಅಮೃತ ಮಹಲ್’ ಎಂದು ಹೆಸರಿಟ್ಟ.

ದೂರದ ದಾರಿ, ಭಾರದ ಬಂಡಿ, ಕಾವಲಿನ ಒಣ ಹುಲ್ಲು: ಇವುಗಳಿಗೆ ತಾಳಿದ ಮೈಯೇ ಒಳ್ಳೆಯ ಮೈ ಎನಿಸಿಕೊಂಡಿತು. ಅಮೃತಮಹಲ್ ಎತ್ತಿಗೆ ಜೋಲುವ ಚರ್ಮವಿಲ್ಲ; ಗಂಗೆದೊಗಲು ಚಿಕ್ಕದು, ಮೈ ಬಿಗಿ. ಗೊರಸು ಕಿರಿದು, ಗಟ್ಟಿ, ಕಪ್ಪು. ಸ್ನಾಯು ಉಬ್ಬಿ ಗುಂಡಗಾಗದೆ ಹೆಗಲಿನಿಂದ ತೊಡೆಯವರೆಗೆ ಹುರಿಗೊಂಡಿರುತ್ತದೆ. ಮಾಂಸದ ತಳಿಯಲ್ಲಿ ಮೆಚ್ಚುವ ದಪ್ಪ ತೊಡೆ ದಾರಿ ನಡೆಯುವ ಎತ್ತಿಗೆ ಬರೀ ಹೊರೆ.

1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಮಂದೆ ಬ್ರಿಟಿಷರ ಕೈಸೇರಿತು. ಖರ್ಚು ಉಳಿಸಲೆಂದು 1860ರಲ್ಲಿ ಅದನ್ನು ಮಾರಿಬಿಟ್ಟರು. ಅಂಥ ಎತ್ತು ಬೇರೆಲ್ಲೂ ಸಿಗದೆ 1866ರಲ್ಲಿ ಮತ್ತೆ ಮಂದೆ ಕಟ್ಟಬೇಕಾಯಿತು. ತಲೆಮಾರುಗಳ ಆಯ್ಕೆಯನ್ನು ಲೆಕ್ಕಪುಸ್ತಕ ನೋಡಿ ಕೈಬಿಟ್ಟದ್ದು ದೊಡ್ಡ ಅವಿವೇಕ. ಇಂದು ಅಜ್ಜಂಪುರದ ತಳಿ ಸಂವರ್ಧನಾ ಕೇಂದ್ರ ಆ ರಕ್ತವನ್ನು ಕಾಪಾಡುತ್ತಿದೆ.

ಎಳೆಯುವ ಕೆಲಸ ಟ್ರ್ಯಾಕ್ಟರಿಗೆ ಹೋಗಿದೆ. ಜಾತ್ರೆಯ ಬಹುಮಾನಕ್ಕೆಂದೇ ಮೇಯಿಸಿದ ಹೋರಿಗಳ ಮೈ ಮಿರಮಿರ ಮಿಂಚುತ್ತದೆ. ಅಲ್ಲೇ ತೀರ್ಪುಗಾರ ಎಚ್ಚರವಾಗಿರಬೇಕು, ಕೊಬ್ಬು ಸ್ನಾಯುವಿನಂತೆ ಕಾಣಬಲ್ಲದು. ಕೊನೆಯ ಪಕ್ಕೆಲುಬುಗಳ ಮೇಲೆ, ಬಾಲದ ಬುಡದಲ್ಲಿ ಬೆರಳೊತ್ತಿ ನೋಡಿ: ಕೊಬ್ಬಾದರೆ ಮೆತ್ತಗೆ ಒಳಸರಿಯುತ್ತದೆ, ಸ್ನಾಯುವಾದರೆ ಬೆರಳಿಗೆ ಎದುರು ನಿಲ್ಲುತ್ತದೆ. ನಡೆಸಿದಾಗ ಸ್ನಾಯು ಚರ್ಮದಡಿ ಹೆಜ್ಜೆಹೆಜ್ಜೆಗೂ ಬಿಗಿದು ಸಡಿಲುತ್ತದೆ, ಕೊಬ್ಬು ಸುಮ್ಮನೆ ಕುಲುಕುತ್ತದೆ. ನಿಂತ ಹೋರಿಗೆ ಹಾರ ಹಾಕುವ ಮುನ್ನ ನೊಗ ಹೂಡಿ ಸ್ವಲ್ಪ ದೂರ ಎಳೆಸಿ ನೋಡುವ ಪರೀಕ್ಷೆ ಪ್ರತಿ ಜಾತ್ರೆಯಲ್ಲೂ ಇರಬೇಕು.