ಲಿನಕ್ಸ್ ಗಣಕದಲ್ಲಿ ‘ನುಡಿ’ಯ ತೊಡಕು

ಸಹಕಾರಿ ಸಭೆಯೊಂದಕ್ಕೆ ನಾವು ಬೀದರ್ ನಗರಕ್ಕೆ ಹೋಗಿದ್ದಾಗ ಔರಾದ ಕಡೆಯ ಕಾರ್ಯದರ್ಶಿ ಮಿತ್ರರೊಬ್ಬರು ತಮ್ಮ ಪೇಚನ್ನು ಹೇಳಿಕೊಂಡರು. ವಿಂಡೋಸ್ 10ಕ್ಕೆ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ನಿಂತಿತು. ಅವರ ಹಳೆಯ ಯಂತ್ರ ವಿಂಡೋಸ್ 11ನ್ನು ಒಪ್ಪಲಿಲ್ಲ. ಹೊಸದಕ್ಕೆ ಸಂಘದಲ್ಲಿ ಹಣವಿಲ್ಲ. ಖರ್ಚಿಲ್ಲದ ಲಿನಕ್ಸ್ ಹಾಕಿಸಿದರು. ಆದರೆ ಸಂಘದ ನಡವಳಿಗಳೆಲ್ಲ ಕನ್ನಡ ಗಣಕ ಪರಿಷತ್ತಿನ ‘ನುಡಿ’ಯಲ್ಲಿ ಬೆರಳಚ್ಚಾದವು. ಕಡತ ತೆರೆದರೆ ಪರದೆಯ ತುಂಬ ಅರ್ಥವಿಲ್ಲದ ರೋಮನ್ ಅಕ್ಷರಗಳು. ವಾರ್ಷಿಕ ಮಹಾಸಭೆಯೋ ಹತ್ತಿರ ಬಂದಿತ್ತು. ನಮ್ಮ ಕಾಫಿ, ಅಡಿಕೆಯ ಹಳೆಯ ದಾಖಲೆಗಳೂ ‘ನುಡಿ’ಯಲ್ಲೇ ಇರುವುದರಿಂದ ಸದಸ್ಯ ಬಾಂಧವರಿಗೆ ತಿಳಿದಿರಲೆಂದು ಇದನ್ನು ಬರೆಯುತ್ತಿದ್ದೇವೆ.

‘ವೈನ್ ಹಾಕಿ, ಸರಿಹೋಗುತ್ತದೆ’ ಎಂದರು ಭಾಲ್ಕಿಯ ಮಿತ್ರರು. ಸುತ್ತಲಿದ್ದವರು ನಕ್ಕರು. ಇದು 1993ರಲ್ಲಿ ಆರಂಭವಾದ ಉಚಿತ ತಂತ್ರಾಂಶ. ಔರಾದದ ಸಂತೆಯಲ್ಲಿ ಮರಾಠಿಯವರ ಮಾತನ್ನು ಕನ್ನಡದವರಿಗೆ ತಿಳಿಸುವ ದುಭಾಷಿಯಂತೆ, ವಿಂಡೋಸ್ ತಂತ್ರಾಂಶ ಕೇಳುವುದನ್ನು ಲಿನಕ್ಸ್‌ಗೆ ತಿಳಿಯುವಂತೆ ಅದು ಹೇಳುತ್ತದೆ. ಹಳೆಯ ತಂತ್ರಾಂಶಗಳು ಬಹುಪಾಲು 32 ಬಿಟ್‌ನವು; ವೈನ್‌ನ 64 ಬಿಟ್ ಭಾಗ ಮಾತ್ರ ಇದ್ದರೆ ಅನುಸ್ಥಾಪನೆ ಮೊದಲ ಹೆಜ್ಜೆಯಲ್ಲೇ ನಿಲ್ಲಬಹುದು. 32 ಬಿಟ್ ಭಾಗವನ್ನೂ ಸೇರಿಸಿದ ಮೇಲೆ ‘ನುಡಿ’ ತೆರೆಯಿತು.

ತೆರೆದರೂ ಲಿಬ್ರೆಆಫೀಸ್‌ನಲ್ಲಿ ಕನ್ನಡ ಮೂಡಲಿಲ್ಲ. ಕಾರಣ ಇಷ್ಟೇ: ‘ನುಡಿ’ ಕೀಲಿಗಳ ಒತ್ತನ್ನು ನಡುವೆ ಹಿಡಿದು ಕನ್ನಡವಾಗಿಸುತ್ತದೆ. ವೈನ್‌ನೊಳಗಿದ್ದಾಗ ಅದಕ್ಕೆ ಸಿಗುವುದು ವೈನ್‌ನ ಕಿಟಕಿಗಳ ಕೀಲಿಗಳು ಮಾತ್ರ. ಲಿನಕ್ಸ್‌ನದೇ ಕಿಟಕಿಗಳಿಗೆ ಅದರ ಕೈ ಚಾಚುವುದಿಲ್ಲ. ಇದು ತಿಳಿಯದೆ ನಾವು ಎರಡು ಗಂಟೆ ಮತ್ತೆ ಮತ್ತೆ ಅನುಸ್ಥಾಪಿಸಿದೆವು!

ಹೊಸದಾಗಿ ಬರೆಯಲು ‘ನುಡಿ’ ಬೇಕಾಗಿಯೇ ಇಲ್ಲ. ಕೆ.ಪಿ. ರಾವ್ ಅವರ ವಿನ್ಯಾಸವನ್ನು ಆಧರಿಸಿದ ಕಗಪ ಕೀಲಿಮಣೆ ಲಿನಕ್ಸ್‌ನ ಕೀಲಿಮಣೆಗಳ ಪಟ್ಟಿಯಲ್ಲೇ ಇದೆ. ಬೆರಳಿನ ಅಭ್ಯಾಸ ಹೆಚ್ಚು ಬದಲಾಗದು.

ಹಳೆಯ ಕಡತಗಳ ಮಾತು ಬೇರೆ. ಅವುಗಳಲ್ಲಿ ರೋಮನ್ ಅಕ್ಷರಗಳ ಜಾಗದಲ್ಲಿ ಕನ್ನಡದ ತುಣುಕುಗಳನ್ನು ಕೂರಿಸಿದ ಅಕ್ಷರಶೈಲಿ ಬಳಸಿದ್ದಾರೆ. ಅದೇ ಶೈಲಿಯ ಕಡತವನ್ನು ಹಳೆಯ ಯಂತ್ರದಿಂದ ತಂದು ಲಿನಕ್ಸ್‌ನಲ್ಲಿ ಸ್ಥಾಪಿಸಿದರೆ ಓದಬಹುದು, ಮುದ್ರಿಸಬಹುದು. ಹುಡುಕಲು, ತಿದ್ದಲು ಯೂನಿಕೋಡ್‌ಗೆ ಪರಿವರ್ತಿಸಲೇಬೇಕು. ಅರ್ಕಾವತ್ತು, ಒತ್ತಕ್ಷರಗಳು ಅಲ್ಲಿ ಜಾರುವುದುಂಟು. ಷೇರುದಾರರ ಹೆಸರುಗಳನ್ನು ಇಬ್ಬರು ಕುಳಿತು ಒಬ್ಬರು ಓದಿ, ಒಬ್ಬರು ಪುಸ್ತಕದೊಂದಿಗೆ ತಾಳೆ ನೋಡಬೇಕು. ಮೂಲ ಕಡತವನ್ನು ಅಳಿಸಬಾರದು.

ಔರಾದದ ಮಿತ್ರರು ಸಭೆಯ ತಿಳುವಳಿಕೆ ಪತ್ರವನ್ನು ಆ ಸಂಜೆಯೇ ಮುದ್ರಿಸಿಕೊಂಡರು. ನಡವಳಿಗಳ ಪರಿವರ್ತನೆ ಇನ್ನೂ ನಡೆದಿದೆ.