ಮೊಣಕಾಲಿನಿಂದ ನಾಲ್ಕು ಬೆರಳು ಕೆಳಗೆ

ಬೀಜಿಂಗಿನ ಸೂಜಿ ಚಿಕಿತ್ಸೆಯ ಕೋಣೆ. ಒಳಗೆ ಕಾಲಿಡುವ ಮೊದಲೇ ಹೊಗೆ ಮೂಗಿಗೆ ಬಂದು ಸೇರುತ್ತದೆ. ನಾವು ಹೂಮಾಲೆಗೆ ಕಟ್ಟುವ ಮಾಚಿಪತ್ರೆಯ ನಂಟಿನದೇ ಸೊಪ್ಪು. ಒಣಗಿಸಿ, ಕುಟ್ಟಿ, ದಪ್ಪ ಚುಟ್ಟದ ಹಾಗೆ ಸುತ್ತಿ ಮೈಗೆ ಕಾವು ಕೊಡಲು ಹೊತ್ತಿಸಿದ್ದು. ಮಂಚಗಳ ನಡುವಿನ ಪರದೆಗಳಿಗೆಲ್ಲ ಅದರ ಘಾಟು ಮೆತ್ತಿಕೊಂಡಿದೆ.

ವೈದ್ಯೆ ಒಬ್ಬ ಅಜ್ಜನ ಪ್ಯಾಂಟು ಮೇಲಕ್ಕೆ ಸರಿಸಿ, ಮೊಣಕಾಲ ಚಿಪ್ಪಿನ ಕೆಳಗೆ ನಾಲ್ಕು ಬೆರಳು ಅಡ್ಡ ಇಟ್ಟು ಅಳೆದು, ಮೂಳೆಯ ಹೊರಪಕ್ಕಕ್ಕೆ ಹೆಬ್ಬೆರಳಿನಿಂದ ಒತ್ತುತ್ತಾಳೆ. ಇದೇ ಝುಸಾನ್‌ಲಿ ಎಂಬ ಸೂಜಿ ಬಿಂದು. ಕಾಲು ಮಿಲಿಮೀಟರ್ ದಪ್ಪದ ಸೂಜಿ ಇಳಿದದ್ದು ಅಜ್ಜನಿಗೆ ಗೊತ್ತಾದಂತಿಲ್ಲ. ಆಕೆ ಅದನ್ನು ಬೆರಳುಗಳ ನಡುವೆ ಬತ್ತಿ ಹೊಸೆದಂತೆ ಹೊಸೆಯತೊಡಗಿದಾಗ ಮಾತ್ರ ಹುಬ್ಬು ಗಂಟಿಕ್ಕುತ್ತದೆ. ಜೋಮು, ಭಾರ, ಬಿಗಿತ, ಒಂದು ಬಗೆಯ ಮಂದ ನೋವು. ಆ ನೋವಿಗೂ ಹುಳಿಗೂ ಚೀನೀ ಭಾಷೆಯಲ್ಲಿ ಒಂದೇ ಪದ. ಈ ಅನುಭವವನ್ನು ಅವರು ‘ದೆ ಚಿ’, ಅಂದರೆ ಚಿ (ಮೈಯಲ್ಲಿ ಹರಿಯುತ್ತದೆಂದು ಅವರು ನಂಬುವ ಪ್ರಾಣಶಕ್ತಿ) ಬಂತು, ಎನ್ನುತ್ತಾರೆ. ನಿಜದಲ್ಲಿ ಬಂದದ್ದು ನರದ ಸುದ್ದಿ. ಅಲ್ಲಿನ ಸ್ನಾಯುವಿಗೆ ಅರಿವಳಿಕೆ ಚುಚ್ಚಿ ಮರಗಟ್ಟಿಸಿದರೆ ಯಾವ ಚಿಯೂ ಬರುವುದಿಲ್ಲ.

1971ರ ಜುಲೈಯಲ್ಲಿ ಇದೇ ಊರಿನ ಆಸ್ಪತ್ರೆಯೊಂದರಲ್ಲಿ ಅಮೆರಿಕದ ಪತ್ರಕರ್ತ ಜೇಮ್ಸ್ ರೆಸ್ಟನ್ ಅಪೆಂಡಿಕ್ಸ್ ತೆಗೆಸಿಕೊಂಡು, ಹೊಟ್ಟೆ ಬಿಗಿದು ಒದ್ದಾಡುತ್ತ ಮಲಗಿದ್ದರು. ಶಸ್ತ್ರಚಿಕಿತ್ಸೆ ನಡೆದದ್ದು ಮಾಮೂಲಿ ಅರಿವಳಿಕೆಯಲ್ಲೇ. ಸೂಜಿ ಬಂದದ್ದು ಆಮೇಲೆ, ಮೊಣಕೈಗೆ ಮತ್ತು ಮೊಣಕಾಲ ಕೆಳಗೆ. ಅವರು ಬರೆದದ್ದನ್ನು ಓದಿದ ಅಮೆರಿಕದಲ್ಲಿ ಮಾತ್ರ ಸೂಜಿಯೇ ಅರಿವಳಿಕೆ ಎಂಬ ಕತೆ ಹಬ್ಬಿತು!

ಪಕ್ಕದ ಮಂಚದಿಂದ ಸಣ್ಣ ಗುಂಯ್ ಸದ್ದು. ಸೂಜಿಗಳಿಗೆ ತಂತಿ ಸಿಕ್ಕಿಸಿದ್ದಾರೆ, ಮೀನಖಂಡ ತಾನಾಗಿ ಅದುರುತ್ತಿದೆ. ವಿದ್ಯುತ್ತಿನ ಈ ಮಿಡಿತವನ್ನು ಬೀಜಿಂಗಿನ ವಿಜ್ಞಾನಿ ಹಾನ್ ಜಿಶೆಂಗ್ ದಶಕಗಟ್ಟಲೆ ಅಳೆದರು. ಸೆಕೆಂಡಿಗೆ 2 ಬಾರಿ ಮಿಡಿದರೆ ಎಂಡಾರ್ಫಿನ್, ಎನ್‌ಕೆಫಾಲಿನ್. 100 ಬಾರಿಯಾದರೆ ಡೈನಾರ್ಫಿನ್. ಎಲ್ಲವೂ ಮಿದುಳು, ಬೆನ್ನುಹುರಿಗಳೇ ಬಸಿಯುವ ಅಫೀಮಿನಂಥ ನೋವುನಿವಾರಕಗಳು.

ಮೊಣಕಾಲ ಕೆಳಗೇ ಏಕೆ? ಹಾರ್ವರ್ಡಿನ ಮಾ ಚ್ಯುಫು ತಂಡ 2021ರಲ್ಲಿ ಇಲಿಗಳಲ್ಲಿ ಉತ್ತರ ಹುಡುಕಿತು. ಹಿಂಗಾಲಿನ ಮೂಳೆಗೆ ಹತ್ತಿದ ಆಳದ ಪೊರೆಯಲ್ಲಿ ಒಂದು ಜಾತಿಯ ನರತಂತುಗಳಿವೆ. ಹದವಾದ ವಿದ್ಯುತ್ತು ಅವನ್ನು ತಟ್ಟಿದರೆ ಸುದ್ದಿ ಬೆನ್ನುಹುರಿ ಹತ್ತಿ ಮಿದುಳ ಕಾಂಡ ಮುಟ್ಟಿ, ವೇಗಸ್ ನರದಲ್ಲಿಳಿದು ಅಡ್ರಿನಲ್ ಗ್ರಂಥಿಯನ್ನು ಎಬ್ಬಿಸುತ್ತದೆ. ಅದು ಸುರಿಸುವ ರಸಗಳು ಮೈಯ ಉರಿಯೂತ ಇಳಿಸುತ್ತವೆ. ಹೊಟ್ಟೆಯ ಪೊರೆಯಲ್ಲಿ ಆ ತಂತುಗಳಿಲ್ಲ. ಅಲ್ಲಿ ಚುಚ್ಚಿದರೆ ಈ ದಾರಿ ತೆರೆಯುವುದಿಲ್ಲ.

ಇಲಿಯ ಮಾತು ಇಷ್ಟು ಚೊಕ್ಕ. ಮನುಷ್ಯನದು ಹಾಗಲ್ಲ. ಜರ್ಮನಿಯಲ್ಲಿ 1,162 ಬೆನ್ನುನೋವಿನ ರೋಗಿಗಳ ಪರೀಕ್ಷೆಯ ಫಲಿತಾಂಶ 2007ರಲ್ಲಿ ಬಂತು: ಸರಿಯಾದ ಬಿಂದುಗಳಲ್ಲಿ ಚುಚ್ಚಿಸಿಕೊಂಡವರಲ್ಲಿ ನೂರಕ್ಕೆ 47.6 ಮಂದಿಗೆ ಗುಣ ಕಂಡರೆ, ಬಿಂದುವಲ್ಲದ ಕಡೆ ಮೇಲೆಮೇಲೆ ಚುಚ್ಚಿಸಿಕೊಂಡವರಲ್ಲೂ 44.2! ಮಾಮೂಲಿ ಚಿಕಿತ್ಸೆಯಲ್ಲಿ 27.4 ಅಷ್ಟೇ. ಚುಚ್ಚುವ ಕೈ, ನಂಬುವ ಮನಸ್ಸು, ಅಳುಕುವ ನರ ಇವುಗಳಲ್ಲಿ ಯಾವುದರ ಪಾಲು ಎಷ್ಟೋ.

ಅಜ್ಜನಿಗೆ ಆಗಲೇ ಮಂಪರು. ವೈದ್ಯೆ ಸೂಜಿಯನ್ನು ಇನ್ನೊಮ್ಮೆ ಹೊಸೆಯುತ್ತಾಳೆ. ಈ ಬಾರಿ ಹುಬ್ಬು ಅಲುಗುವುದಿಲ್ಲ, ಕಾಲಿನ ಹೆಬ್ಬೆರಳು ಮಾತ್ರ ಒಮ್ಮೆ ಮೆಲ್ಲಗೆ ಮಿಸುಕುತ್ತದೆ.