ಕಡಿದ ಬುಡದ ಸಾಕ್ಷ್ಯ

ದೊಡ್ಡ ಮನೆತನದ ಹೆಸರಿನ ಜೊತೆ ಮರದ ದಿಮ್ಮಿಯ ಮಾತು ಬಂದರೆ ಸಾಕು, ಹಿರಿಯೂರಿನಲ್ಲಾಗಲಿ ಹೊಳಲ್ಕೆರೆಯಲ್ಲಾಗಲಿ ಚಹಾದಂಗಡಿಯಲ್ಲೇ ತೀರ್ಪು ಸಿದ್ಧ. 2023ರ ಡಿಸೆಂಬರ್‌ನಲ್ಲಿ, ಹಾಸನ ಜಿಲ್ಲೆಯ ಬೇಲೂರು ತಾಲ್ಲೂಕಿನಲ್ಲಿ ನೂರಕ್ಕೂ ಹೆಚ್ಚು ಮರ ಕಡಿಸಿದ ಆರೋಪದ ಮೇಲೆ, ಆಗ ಮೈಸೂರು-ಕೊಡಗು ಸಂಸದರಾಗಿದ್ದ ಪ್ರತಾಪ ಸಿಂಹ ಅವರ ಸಹೋದರನ ಬಂಧನವಾಯಿತು. ಇದು ರಾಜಕೀಯ ದ್ವೇಷ ಎಂದರು ಸಂಸದರು. ಜನ ಎರಡು ಪಂಗಡವಾದರು. ಮರವನ್ನು ಕೇಳಿದವರು ಕಡಿಮೆ.

ಕಡಿದ ಬುಡ ಸುಳ್ಳು ಹೇಳುವುದಿಲ್ಲ. ಅದರ ಸುತ್ತಳತೆಯಿಂದ ಸಾಗಿಹೋದ ನಾಟಾ ಎಷ್ಟೆಂದು ಅಂದಾಜಿಸಬಹುದು. ಕಟ್ಟಿಗೆಯ ಸಣ್ಣ ರಂಧ್ರಗಳ ಜೋಡಣೆಯನ್ನು ಭೂತಗನ್ನಡಿಯಲ್ಲಿ ನೋಡಿದರೆ ಮರದ ಜಾತಿ ತಿಳಿಯುತ್ತದೆ. ತೇಗದಲ್ಲಂತೂ ವರ್ಷದ ಉಂಗುರಗಳು ಸ್ಪಷ್ಟ, ವಿದ್ಯಾರ್ಥಿಗಳೂ ಎಣಿಸಬಹುದು. ದಿಮ್ಮಿಯ ಮೇಲೆ ಅರಣ್ಯ ಇಲಾಖೆಯ ಸುತ್ತಿಗೆ ಮುದ್ರೆ, ಲಾರಿಯಲ್ಲಿ ರಹದಾರಿ ಇರಬೇಕು. ಬುಡದ ಲೆಕ್ಕ ರಹದಾರಿಯ ಲೆಕ್ಕಕ್ಕೆ ತಾಳೆಯಾಗದಿದ್ದರೆ ಗುಮಾನಿಗೆ ಆಧಾರ ಸಿಕ್ಕಂತೆ.

ಚಿತ್ರದುರ್ಗದವರಿಗೆ ಇದು ದೂರದ ಮಾತಲ್ಲ. ಜೋಗಿಮಟ್ಟಿಯ ಕಾಡಿಗೂ ಹೊಸದುರ್ಗದ ಒಣಭೂಮಿಗೂ ಒಗ್ಗುವ ಮರ ಶ್ರೀಗಂಧ. 2001ರ ಕಾನೂನು ತಿದ್ದುಪಡಿಯವರೆಗೆ ರೈತನ ಹೊಲದ ಗಂಧವೂ ಸರ್ಕಾರದ್ದೇ ಆಗಿತ್ತು. ಈಗ ಅದು ರೈತನ ಸ್ವತ್ತು. ಆದರೂ ಕಡಿಯಲು, ಸಾಗಿಸಲು ಅನುಮತಿ ಬೇಕು. ಬಡ ರೈತನ ಗಾಡಿ ನಿಲ್ಲಿಸಿ ಕಾಗದ ಕೇಳುವ ತನಿಖಾ ಠಾಣೆ ದೊಡ್ಡವರ ಲಾರಿಯನ್ನೂ ನಿಲ್ಲಿಸುತ್ತದೆಯೇ? ಗುಮಾನಿ ಹುಟ್ಟುವುದೇ ಅಲ್ಲಿ.